ಜ್ವರ ಬಿಟ್ಟರೂ ಪಥ್ಯ ಬಿಡದ ಮನೆಯಿಂದ

ವಡಾಲ, ಮುಂಬಯಿ
ಹೇವಿಳಂಬಿ ಸಂವತ್ಸರದ ಶ್ರಾವಣ ಮಾಸ, ೧೯೫೭

ದೇಶದೇಶಗಳನ್ನು ಸುತ್ತಿ, ಸಮುದ್ರಗಳನ್ನು ದಾಟಿ, ಟಿಕೀಟು ಕೊಳ್ಳದೆ ಮುಂಬಯಿಗೆ ದಯಮಾಡಿಸಿ, ಲೋಕಲ್ ರೈಲಿನಿಂದ ರೈಲಿಗೂ ಚಾಳೆಂಬ ವಠಾರದಿಂದ ವಠಾರಕ್ಕೂ ಸಂಚಾರ ಮಾಡಿದ ಮಹಾಮಹಿಮರಾದ ಫ್ಲೂ ಜ್ವರದವರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರ ಮಾಡೋಣವೆಂದರೆ, ತಾವು ದಯಮಾಡಿಸಿದಾಗ ನಮ್ಮ ಮನೆಯವರೆಲ್ಲ ಚಾಪೆಯ ಮೇಲೆ ಸಾಷ್ಟಾಂಗವಾಗಿಯೇ ಬಿದ್ದಿದ್ದೆವಾದ ಕಾರಣ, ಅದು ತಮಗೆ ಆಗಲೇ ಸಂದಿದೆಯೆಂದು ಭಾವಿಸಿ, ಈಗ ಕುಳಿತಲ್ಲಿಂದಲೇ ಕೈ ಮುಗಿಯುತ್ತೇನೆ. ನಂಜುಂಡೇಶ್ವರನ ದಯೆಯಿಂದ ನಾವು ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವುದು ಕಾಗದದ ಪದ್ಧತಿ. ಆದರೆ ತಾವು ಕ್ಷೇಮವಾಗಿದ್ದರೆ ನಾವು ಇರುವುದಿಲ್ಲವಾದ್ದರಿಂದ ಅದೊಂದನ್ನು ಬಿಟ್ಟಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು.

ನಾನು ನಂಜನಗೂಡಿನ ಪಕ್ಕದ ಹಳ್ಳಿಯವಳು, ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವಳು, ಐವತ್ತು ತುಂಬಿತು. ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿರುವ ವೆಂಕಟಸುಬ್ಬಯ್ಯನವರ ಕೈ ಹಿಡಿದು ಈ ಊರಿಗೆ ಬಂದೆ. ಹದಿನೇಳರ ಮಗಳು ವಿಮಲಾ, ಹದಿನೈದರ ಮಗ ಕಿಟ್ಟು. ಇಷ್ಟೇ ನಮ್ಮ ಸಂಸಾರ. ತಾವು ನಾಲ್ವರನ್ನೂ ಮಾತನಾಡಿಸಿ ಹೋದವರು, ಪರಿಚಯ ಬೇಕಿರಲಿಲ್ಲ; ಆದರೆ ತಮಗೆ ಲಕ್ಷಾಂತರ ಮನೆಗಳ ಗುರುತು ಇಟ್ಟುಕೊಳ್ಳಬೇಕಾದ ಕೆಲಸ, ನಮ್ಮಂಥ ಬಡವರು ಮರೆತುಹೋಗಬಾರದಲ್ಲ.

ತಾವು ಬಂದಿರೆಂಬುದಕ್ಕೆ ನನ್ನ ತಕರಾರಿಲ್ಲ. ಮುನಿಸಿಪಾಲಿಟಿಯವರೇ ತಡೆಯಲಾರದ ತಮ್ಮನ್ನು ನಾನು ಹೊಸ್ತಿಲಲ್ಲಿ ರಂಗೋಲಿ ಹಾಕಿ ತಡೆಯುತ್ತಿದ್ದೆನೇ. ನನ್ನ ದೂರು ತಾವು ಹೋದ ರೀತಿಯ ಬಗ್ಗೆ. ನಮ್ಮ ಕಡೆ ನೆಂಟರು ಹೊರಟಾಗ ತಮ್ಮ ಹಾಸಿಗೆ ಸುರುಳಿಯನ್ನೂ ಚೊಂಬನ್ನೂ ನೆನಪಿಟ್ಟು ತೆಗೆದುಕೊಂಡು ಹೋಗುತ್ತಾರೆ. ತಾವು ಮಾತ್ರ ತಮ್ಮ ಪಥ್ಯವನ್ನು ನಮ್ಮ ಮನೆಯಲ್ಲೇ ಮರೆತು ಹೋಗಿದ್ದೀರಿ. ಅದನ್ನು ನಮ್ಮ ಮಕ್ಕಳಿಬ್ಬರೂ ಪಿತ್ರಾರ್ಜಿತ ಆಸ್ತಿ ಸಿಕ್ಕವರಂತೆ ಹಂಚಿಕೊಂಡು ಇಂದಿಗೂ ಅನುಭವಿಸುತ್ತಿದ್ದಾರೆ.

ಜ್ವರ ಏರಿದ ದಿನ ನಮ್ಮ ಚಾಳಿನ ಮೂಲೆಯ ಡಾಕ್ಟರು ಬಂದು, ನಾಡಿ ಹಿಡಿಯುವುದಕ್ಕೂ ಮೊದಲು, “ಚಾವಲ್ ಬಂದ್, ಡಬಲ್‌ರೋಟಿ ಚಾಲೂ” ಎಂದು, ಅನ್ನ ಬಿಟ್ಟು ಬ್ರೆಡ್ಡು ಕೊಡಬೇಕೆಂದು, ಅಪ್ಪಣೆ ಕೊಟ್ಟರು. ಹಿಟ್ಟನ್ನು ಕಾಲಿನಲ್ಲಿ ತುಳಿದು ನಾದುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹೊಸ್ತಿಲು ದಾಟಲು ಬಿಡದಿದ್ದ ಆ ಡಬಲ್‌ರೊಟ್ಟಿಯು ತಮ್ಮ ಕೃಪೆಯಿಂದ ಅಂದು ಅಳಿಯನಂತೆ ಬಲಗಾಲಿಟ್ಟು ಒಳಗೆ ಬಂದಿತು. ಬಂದ ಅಳಿಯ ಇನ್ನೂ ಹೋಗಿಲ್ಲ. ಬೆಳಗ್ಗೆ ನಾನು ಉಪ್ಪಿಟ್ಟು ಕೆದಕಿದರೆ ವಿಮಲಾ ಮೂಗು ಮುರಿದು “ಜೀರ್ಣಕ್ಕೆ ಭಾರ ಅಮ್ಮ” ಎನ್ನುತ್ತಾಳೆ. ಹುಟ್ಟಿದಾಗಿನಿಂದ ನನ್ನ ಹುಳಿಯನ್ನು ಸೊರ್ರೆಂದು ಕುಡಿದ ಹುಡುಗಿಗೆ ಈಗ ಖಾರ ಗಂಟಲಿಗೆ ಆಗದು, ತೆಂಗಿನಕಾಯಿ ಕೆಮ್ಮಿಗೆ ಆಗದು, ಮೊಸರು ಶೀತಕ್ಕೆ ಆಗದು. ಆಗುವುದೆಂದರೆ ಮೋಸಂಬಿ ರಸ, ಮತ್ತು ಡಬ್ಬಿಯಿಂದ ಚಮಚೆಯಲ್ಲಿ ಬಾಚಿ ಬಾಯಿಗೆ ಸುರಿದುಕೊಳ್ಳುವ ಗ್ಲುಕೋಸು. ದೇವರ ಪಟಗಳ ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ವಿಟಮಿನ್ನುಗಳ ಚಿತ್ರವೊಂದನ್ನು ಅಂಟಿಸಿದ್ದಾಳೆ. ಎ, ಬಿ, ಸಿ, ಡಿ ಎಂದು ಅವಕ್ಕೂ ಅವತಾರಗಳಿವೆಯಂತೆ. ನಾನು ದೀಪ ಹಚ್ಚುವಾಗ ಕೈತಪ್ಪಿ ಅವಕ್ಕೂ ಒಂದು ಆರತಿ ಎತ್ತಿಬಿಟ್ಟಿದ್ದೇನೆ. ಕೋಪ ಮಾಡಿಕೊಂಡು ಯಾವುದಾದರೂ ಅವತಾರ ಮುನಿದರೆ ಕಷ್ಟ.

ಇನ್ನು ಕೈತುತ್ತು. ರಾತ್ರಿ ಮಿಕ್ಕ ಅನ್ನಕ್ಕೆ ಸಾರು ಮೊಸರು ಕಲಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರ ಕೈಗೂ ಒಂದೊಂದು ತುತ್ತು ಹಾಕುವುದು ನಮ್ಮ ಮನೆಯ ವಾಡಿಕೆ. ತಾವು ಬಂದುಹೋದ ಮೇಲೆ ವಿಮಲಾ, “ಒಂದೇ ಪಾತ್ರೆ, ಒಂದೇ ಕೈ, ಜ್ವರದ ಜಂತು ಹರಡುತ್ತೆ, ಗೋಡೆ ಮೇಲೆ ನೋಟೀಸು ಓದಿಲ್ವೇನಮ್ಮ?” ಎಂದು ತಟ್ಟೆ ಚಮಚ ಹಿಡಿದು ದೂರ ಕುಳಿತಳು. ಓದಿದ್ದೇನೆ ಮಹಾಸ್ವಾಮಿ. ಇನ್ನೊಬ್ಬರ ಎಂಜಲು ಕುಡಿಯಬೇಡಿ, ಹೊರಗಿನಿಂದ ಬಂದರೆ ಕೈಕಾಲು ತೊಳೆಯಿರಿ, ಕಂಡಕಂಡಲ್ಲಿ ಉಗುಳಬೇಡಿ, ಎಲ್ಲರನ್ನೂ ಮುಟ್ಟಬೇಡಿ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದ್ದರು. ಇದನ್ನೇ ನಾನು ಒಂದು ಭಾಷೆಯಲ್ಲಿ ಹೇಳಿದಾಗ “ಹಳೇ ಕಾಲದ ಮಡಿ” ಎಂದು ಇದೇ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ತಮ್ಮ ಮಾತಿಗಿರುವ ತೂಕ ಹೆತ್ತವಳ ಮಾತಿಗಿಲ್ಲವೆಂಬುದನ್ನು ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞತೆಗಳು.

ನಮ್ಮ ಮನೆ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಪಕ್ಕದ ಖೋಲಿಯ ಶೀಲಾವತಿ ಮಂಗಳೂರು ಕಡೆಯವಳು, ಅವಳ ಗಂಡನದು ಮಾಟುಂಗದಲ್ಲಿ ಸಣ್ಣ ಹೋಟೆಲು. ಮೀನಿನ ಸಾರಿಲ್ಲದೆ ಅನ್ನಕ್ಕೆ ಕೈ ಹಾಕದಿದ್ದ ಅವಳ ಮಗಳು ಮೋಹಿನಿಗೆ ಜ್ವರ ಬಿಟ್ಟ ಮೇಲೆ ಮೀನಿನ ವಾಸನೆ ಕಂಡರಾಗದು. ಬಟ್ಟಲು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ಮೆಣಸಿನ ಸಾರು ಕೇಳುತ್ತಾಳೆ. ನಮ್ಮ ಕಿಟ್ಟು ಹಿಡಿದ ದಾರಿ ಯಾವುದೆಂದು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಅಗಸ ಎರಡು ಮನೆಯ ಬಟ್ಟೆ ಅದಲುಬದಲು ಮಾಡಿ ಕೊಟ್ಟ ಹಾಗೆ ತಾವು ಎರಡು ಮನೆಯ ನಾಲಿಗೆಗಳನ್ನು ಅದಲುಬದಲು ಮಾಡಿ ಇಟ್ಟು ಹೋಗಿದ್ದೀರಿ. ಅಗಸನಾದರೆ ಮುಂದಿನ ವಾರ ಬರುತ್ತಾನೆ, ಗುರುತು ನೋಡಿ ಬದಲಾಯಿಸಿಕೊಳ್ಳಬಹುದು.

ಪ್ರಸಂಗವಶಾತ್ ಒಂದು ಮಾತು. ಮನೆಯಲ್ಲಿ ಕಡೆಗೆ ಮಲಗಿದವಳು ನಾನು. ನನಗೆ ಬ್ರೆಡ್ಡೂ ಬರಲಿಲ್ಲ, ಮೋಸಂಬಿಯೂ ಬರಲಿಲ್ಲ. ಮೈ ಕಾದ ಹೆಂಚಾಗಿದ್ದಾಗ ನನ್ನ ಕಿವಿಗೆ ಬಿದ್ದದ್ದು “ಅಮ್ಮ, ಕಾಫಿ ಪುಡಿ ಡಬ್ಬಿ ಎಲ್ಲಿಟ್ಟೆ?” ಎಂಬ ಒಂದೇ ಮಂತ್ರ. ಆ ಡಬ್ಬಿ ಹುಡುಕಿಕೊಡುವುದಕ್ಕಾಗಿಯೇ ನಾನು ಎದ್ದೆ. ತಾವು ಎಲ್ಲರನ್ನೂ ಸಮನಾಗಿ ಕಾಣುತ್ತೀರೆಂದು ಪತ್ರಿಕೆಗಳಲ್ಲಿ ಹೊಗಳುತ್ತಾರೆ. ಹೆಂಗಸರ ವಿಷಯದಲ್ಲಿ ಅದನ್ನು ಇನ್ನೊಮ್ಮೆ ಪರಿಶೀಲಿಸಬೇಕಾಗಿ ವಿನಂತಿ.

ಈಗ ನನ್ನ ಮುಖ್ಯ ದೂರು, ಕಿಟ್ಟುವಿನದು.

ತಾವು ಅವನ ಮೇಲೆ ವಿಶೇಷ ಪ್ರೀತಿಯಿಟ್ಟು, ಎಲ್ಲರಿಗಿಂತ ಹೆಚ್ಚು ದಿನ ಇದ್ದು, ಎದೆಯಲ್ಲಿ ಕಫ ಕಟ್ಟಿಸಿ, ಹೋಗುವಾಗ ಮೈಮೇಲಿನ ಮಾಂಸವನ್ನು ಪ್ರಸಾದವೆಂದು ಒಯ್ದಿರಿ. ಅಂಗಿ ಬಿಚ್ಚಿದರೆ ಜನಿವಾರ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಡಾಕ್ಟರು ಅವನ ರೆಪ್ಪೆ ಎಳೆದು ನೋಡಿ, ರಕ್ತವಿಲ್ಲ, ಶ್ವಾಸಕೋಶ ನಿಶ್ಶಕ್ತ, ಶ್ರಾವಣ ಮುಗಿಯುವವರೆಗಾದರೂ ದಿನವೂ ಮೊಟ್ಟೆ ಕೊಡಿ, ಇಲ್ಲದಿದ್ದರೆ ಹುಡುಗನನ್ನು ಮತ್ತೆ ನನ್ನ ಹತ್ತಿರ ಹೊತ್ತು ತರುತ್ತೀರಿ ಎಂದರು. ನಮ್ಮ ಯಜಮಾನರು ಎರಡೂ ಕಿವಿ ಮುಚ್ಚಿಕೊಂಡು, ಆ ಶಬ್ದವೇ ಈ ಮನೆಯಲ್ಲಿ ಕೇಳಬಾರದು ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಮೊಟ್ಟೆಗೆ “ಅದು” ಎಂದು ಹೆಸರು, ಹೆಂಗಸರು ಗಂಡನ ಹೆಸರು ಹೇಳದ ಹಾಗೆ. “ಅದರ” ಬದಲು ನಾನು ತುಪ್ಪ ಹಾಕಿದೆ, ಬಾದಾಮಿ ತೇಯ್ದೆ, ನಂಜುಂಡನಿಗೆ ಮುಡಿಪು ಕಟ್ಟಿದೆ. ಹುಡುಗ ಬೆಳ್ಳಗೇ ಇದ್ದ. ಎರಡು ಮೆಟ್ಟಿಲು ಹತ್ತಿದರೆ ಕಟಕಟೆ ಹಿಡಿದು ನಿಲ್ಲುತ್ತಿದ್ದ.

ಕಿಟ್ಟು ಅಪ್ಪನ ಎದುರು ಮಾತಾಡುವ ಹುಡುಗನಲ್ಲ. ಶಾಲೆ ಬಿಟ್ಟ ಮೇಲೆ ಸ್ಟೇಷನ್ ಹತ್ತಿರದ ಇರಾನಿ ಹೋಟೆಲಿಗೆ ಹೋಗಿ ಡಾಕ್ಟರ ಮಾತನ್ನು ಪಾಲಿಸತೊಡಗಿದ. ನಮಗಾರಿಗೂ ತಿಳಿಯುತ್ತಿರಲಿಲ್ಲ. ತಿಳಿಸಿದವನು ಶೀಲಾವತಿಯ ಗಂಡನ ಹೋಟೆಲಿನಲ್ಲಿ ತಿಂಡಿ ಬಡಿಸುವ ಐತ. ಉಡುಪಿ ಹೋಟೆಲಿನ ಚಹಾ ಹೇಗಿರುತ್ತದೆಂದು ಬಲ್ಲವನಾದ್ದರಿಂದ ಅವನು ಚಹಾ ಕುಡಿಯಲು ಇರಾನಿಯಲ್ಲಿಗೆ ಹೋಗುತ್ತಾನೆ. ಅಲ್ಲಿ ನಮ್ಮ ಕಿಟ್ಟು ಅಮೃತಶಿಲೆಯ ಮೇಜಿನ ಮುಂದೆ ಕುಳಿತಿದ್ದನಂತೆ. ಎದುರಿಗೆ ಆಮ್ಲೆಟ್ಟು, ಪಾವೆಂಬ ಡಬಲ್‌ರೊಟ್ಟಿ. ಹುಡುಗ ಅಂಗೈಯಲ್ಲಿ ನೀರು ತೆಗೆದುಕೊಂಡು, ತುಟಿಯಲ್ಲೇ ಮಂತ್ರ ಹೇಳಿ, ಊಟದ ಎಲೆಗೆ ಸುತ್ತಿಸಿದ ಹಾಗೆ ಆ ಪ್ಲೇಟಿನ ಸುತ್ತ ಪರಿಷೇಚನೆ ಮಾಡಿದನಂತೆ. ಎಲೆಯ ಬಲಕ್ಕೆ ಅನ್ನದ ಅಗುಳನ್ನು ದೇವರ ಪಾಲೆಂದು ಚಿತ್ರಾಹುತಿಯಾಗಿ ಇಡುವ ಪದ್ಧತಿಯಲ್ಲವೇ, ಅನ್ನವಿಲ್ಲವೆಂದು ಪಾವನ್ನು ಚೂರು ಮುರಿದು ಸಾಲಾಗಿ ಇಟ್ಟನಂತೆ. ಆಮೇಲೆ ಕಣ್ಣು ಮುಚ್ಚಿ ಕೈಮುಗಿದು, “ಅದನ್ನು” ತಿಂದನಂತೆ. ಎಂಟನೆಯ ವರ್ಷಕ್ಕೆ ಉಪನಯನವಾದ ಮೇಲೆ ಪರಿಷೇಚನೆಯಿಲ್ಲದೆ ಅವನ ಕೈ ತಟ್ಟೆಗೆ ಹೋದದ್ದಿಲ್ಲ. ಕೈಗೆ ಏನು ಗೊತ್ತು, ತಟ್ಟೆಯಲ್ಲಿರುವುದು ಅನ್ನವೋ ಅದೋ ಎಂದು. ಮೇಜು ಒರೆಸುವವನು ಹುಡುಗ ನೀರು ಚೆಲ್ಲಿಕೊಂಡನೆಂದು ತಿಳಿದು, ಒದ್ದೆ ಬಟ್ಟೆ ತಂದು ಚಿತ್ರಾಹುತಿಯನ್ನೆಲ್ಲ ಗುಡಿಸಿಕೊಂಡು ಹೋದನಂತೆ. ತಮ್ಮ ಮೇಲಧಿಕಾರಿಗಳಾದ ಯಮಧರ್ಮರಾಯರಿಗೆ ಆ ಆಹುತಿಯಲ್ಲಿ ಒಂದು ಪಾಲು ಸಲ್ಲುತ್ತದೆ. ಇಷ್ಟು ವರ್ಷ ನಮ್ಮ ಮನೆಯ ಸಣ್ಣಕ್ಕಿ ಅನ್ನ ಉಂಡವರು ಅಂದು ಇರಾನಿಯ ಪಾವಿನ ರುಚಿ ನೋಡಿದರು. ಹೇಗಿತ್ತೆಂದು ತಾವು ಕಂಡಾಗ ಕೇಳಬೇಕು.

ಐತ ಇದನ್ನು ಶೀಲಾವತಿಗೆ ಹೇಳಿದ, “ಎಂತ ಹೇಳುದು ಅಕ್ಕ, ಆ ಮಂತ್ರಕ್ಕೆ ನಾನು ಚಹಾ ಕೆಳಗಿಟ್ಟು ಕೈ ಮುಗಿದುಬಿಟ್ಟೆ” ಎಂದು. ಶೀಲಾವತಿ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮ ಮಕ್ಕಳು ಬಂಗುಡೆ ಮೀನು ತಿನ್ನುವಾಗ ದೇವರ ಹೆಸರೇ ಎತ್ತುವುದಿಲ್ಲ ಅಮ್ಮ, ನಿಮ್ಮವನು ಮೊಟ್ಟೆಗೂ ಮಂತ್ರ ಹೇಳ್ತಾನೆ ಮಾರಾಯ್ರೆ, ಎಂಥ ಮಗನನ್ನು ಹೆತ್ತಿದ್ದೀರಿ!” ಅವಳ ನಗುವಿನಲ್ಲಿ ವಿಷವಿಲ್ಲ. ಆದರೆ ಚಾಳಿನ ಗ್ಯಾಲರಿಗೆ ಬಾಗಿಲಿಲ್ಲ. ನೀರಿನ ನಲ್ಲಿಯ ಹತ್ತಿರ ನಿಂತಿದ್ದ ನಮ್ಮ ಯಜಮಾನರಿಗೆ ಅದು ಮಂತ್ರ, ಮೊಟ್ಟೆ ಸಹಿತ ಕೇಳಿಸಿತು.

ಅಂದೇ ತೀರ್ಪಾಯಿತು. ಪಂಚಗವ್ಯ ಕುಡಿದು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ, ಇನ್ನು ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲವೆಂದು ದೇವರ ಮುಂದೆ ಹೇಳುವವರೆಗೆ, ಕಿಟ್ಟು ಪಂಕ್ತಿಯಲ್ಲಿ ಕೂರತಕ್ಕದ್ದಲ್ಲ; ಅವನ ತಟ್ಟೆ ಹೊರಗೆ, ಗ್ಯಾಲರಿಯಲ್ಲಿ. ವಿಮಲಾ “ಪಂಚಗವ್ಯ ಕಾಯಿಸಿದ್ದೋ ಕಾಯಿಸದೇ ಇರೋದೋ, ಡಾಕ್ಟರನ್ನ ಕೇಳಿ” ಎಂದು ನಡುವೆ ಬಾಯಿ ಹಾಕಿ ಬೈಸಿಕೊಂಡಳು. ಕಿಟ್ಟು ಹೊಸ್ತಿಲು ದಾಟಿದ. ಹೊರಗೆ ಇಟ್ಟ ತಟ್ಟೆಯ ಮುಂದೆ, ಹೋಗುವವರು ಬರುವವರು ದಾಟುವ ದಾರಿಯಲ್ಲಿ, ಸ್ವಲ್ಪ ಹೊತ್ತು ಕುಳಿತಿದ್ದು, ಅನ್ನ ಮುಟ್ಟದೆ ಎದ್ದು ಹೋದ. ಇರಾನಿಯಲ್ಲಿಗೂ ಹೋಗಲಿಲ್ಲ. ಅದನ್ನೂ ಬಿಟ್ಟ, ನನ್ನ ಅನ್ನವನ್ನೂ ಬಿಟ್ಟ. “ಹಸಿವಿಲ್ಲಮ್ಮ” ಎನ್ನುವುದೊಂದೇ ಮಾತು. ಮಾನ್ಯರೇ, ತಾವು ಇಷ್ಟು ದಿನ ನಮ್ಮಲ್ಲಿದ್ದಿರಿ, ನೂರನಾಲ್ಕು ಡಿಗ್ರಿ ಏರಿದಿರಿ, ಆಗಲೂ ನನಗೆ ಅಂಥ ಭಯವಾಗಿರಲಿಲ್ಲ. ತಾವು ಕೆಲಸ ಅರ್ಧಕ್ಕೆ ಬಿಟ್ಟು ಹೋಗಿ, ಮಿಕ್ಕದ್ದನ್ನು ನಮ್ಮ ಯಜಮಾನರ ಕೈಗೆ ವಹಿಸಿ ಹೋದಿರೋ ಎನಿಸಿತು.

ಮರುದಿನ ಶಾಲೆಯಿಂದ ಬರುವಾಗ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಹುಡುಗ ಕುಸಿದ. ಐತನೇ ಇನ್ನೊಬ್ಬರ ಜತೆ ಹೊತ್ತು ತಂದು ಮನೆಯಲ್ಲಿ ಮಲಗಿಸಿದ. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ನನ್ನ ಮುಖ ನೋಡಿ ಹೋದರು. ಮೊದಲೇ ಹೇಳಿದ್ದನ್ನು ಎರಡನೆಯ ಸಲ ಹೇಳಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ. ನಮ್ಮ ಯಜಮಾನರು ಮೂಲೆಯಲ್ಲಿ ಕುಳಿತು ಪಂಚಾಂಗ ತೆಗೆದು, ಪ್ರಾಯಶ್ಚಿತ್ತಕ್ಕೆ ಒಳ್ಳೆಯ ದಿನ ಹುಡುಕುತ್ತಿದ್ದರು.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಎದುರಾಡಿದವಳಲ್ಲ. ಅಂದೂ ಎದುರಾಡಲಿಲ್ಲ, ಧರ್ಮಸೂಕ್ಷ್ಮವೊಂದನ್ನು ಕೇಳಿದೆ. ಕಚೇರಿಯ ಕ್ಯಾಂಟೀನಿನಲ್ಲಿ ಯಾರು ಕರಿದರೋ ಯಾವ ಎಣ್ಣೆಯೋ ತಿಳಿಯದ ಬಟಾಟೆವಡೆ ತಿನ್ನುವಾಗ ನೀವು ನೀರನ್ನು ಎಡದಿಂದ ಬಲಕ್ಕೆ ಸುತ್ತಿಸುತ್ತೀರೋ ಬಲದಿಂದ ಎಡಕ್ಕೋ, ಮತ್ತು ಚಿತ್ರಾಹುತಿಗೆ ವಡೆ ಮುರಿಯುತ್ತೀರೋ ಚಟ್ನಿ ಇಡುತ್ತೀರೋ, ಹಳ್ಳಿಯವಳು, ತಿಳಿಯದೆ ಕೇಳುತ್ತಿದ್ದೇನೆ ಎಂದೆ. ಅವರು ಪಂಚಾಂಗದ ಹಾಳೆ ಮಗುಚಿದರು, ಇನ್ನೊಂದು ಮಗುಚಿದರು. ಅಷ್ಟಮಿ ನವಮಿಗಳಿದ್ದವು, ರಾಹುಕಾಲವಿತ್ತು, ಬಟಾಟೆವಡೆಯ ವಿಧಿ ಇರಲಿಲ್ಲ. ಅಪ್ಪ ಎದುರಿಗಿರುವಾಗ ಎಲ್ಲರೂ ದೇವರನ್ನು ನೆನೆಯುತ್ತಾರೆ. ಯಾರೂ ನೋಡದ ಕಡೆ, ಅಂಥ ತಟ್ಟೆಯ ಮುಂದೆ, ನಾಚಿಕೆಯಿಂದ ಸಾಯುತ್ತಲೂ ನೆನೆದವನು ಇವನು. ಇವನನ್ನು ಪಂಕ್ತಿಯಿಂದ ಎಬ್ಬಿಸಿದರೆ ಆ ಪಂಕ್ತಿಯಲ್ಲಿ ಬಡಿಸುವುದಕ್ಕೆ ನನಗೂ ಹಸಿವಿಲ್ಲ, ಎಂದಷ್ಟೇ ಹೇಳಿ ಸೌಟನ್ನು ತೊಳೆದು ಗೂಟಕ್ಕೆ ಹಾಕಿದೆ. ಔಷಧಕ್ಕೆ ಮೈಲಿಗೆಯಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದರು. ಅವರು ಪಂಚಾಂಗ ಓದಿದವರಲ್ಲ, ಹನ್ನೊಂದು ಹೆತ್ತವರು.

ಹುಡುಗ ಎದ್ದು ನಡೆಯುವಷ್ಟಾದ ದಿನ ನಾನೇ ಅವನ ಕೈ ಹಿಡಿದು ಆ ಇರಾನಿ ಹೋಟೆಲಿಗೆ ಹೋದೆ. ಹಣೆಯ ಕುಂಕುಮ, ತುರುಬಿನ ಹೂವು, ಸೆರಗು ಹೊದ್ದ ನಾನು ಒಳಗೆ ಕಾಲಿಟ್ಟಾಗ ಗಲ್ಲಾಪೆಟ್ಟಿಗೆಯ ಮುಂದಿದ್ದ ಮುದುಕ ಯಜಮಾನ, ಯಾರದೋ ಮನೆಯ ದೇವರು ದಾರಿ ತಪ್ಪಿ ಬಂತೆನ್ನುವ ಹಾಗೆ ಎದ್ದು ನಿಂತು, ಕುರ್ಚಿಯನ್ನು ತಾನೇ ಒರೆಸಿ, ಫ್ಯಾಮಿಲಿ ರೂಮಿನ ಪರದೆ ಸರಿಸಿದ. ಅಲ್ಲಿಯ ನೀರನ್ನು ಬೇಡವೆಂದೆ. ಮನೆಯಿಂದ ಚೊಂಬಿನಲ್ಲಿ ತಂದಿದ್ದೆ. “ಅದು” ಬಂತು. ಹುಡುಗ ನನ್ನ ಮುಖ ನೋಡಿ “ನೀನು ಆ ಕಡೆ ತಿರುಗಿಕೋ ಅಮ್ಮ, ನಾಚಿಕೆಯಾಗುತ್ತೆ” ಎಂದ. ನಾಚಿಕೆ ಹೊಟ್ಟೆ ತುಂಬಿಸೋದಿಲ್ಲ, ತಿನ್ನು ಎಂದು ಗೋಡೆಗೆ ತಿರುಗಿ ಕುಳಿತೆ. ಆ ಹೋಟೆಲಿನವರು ಗೋಡೆಗಳಿಗೆಲ್ಲ ಕನ್ನಡಿ ಹಾಕಿಸಿದ್ದಾರೆ, ತಮಗೆ ಗೊತ್ತಿರಬಹುದು. ಯಾವ ಕಡೆ ಮುಖ ತಿರುಗಿಸಿದರೂ ಒಂದು ಮೊಟ್ಟೆ ಐದಾರಾಗಿ ನನ್ನ ಕಣ್ಣಿಗೆ ಬಿತ್ತು. ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಮುಚ್ಚಿಕೊಳ್ಳಲಿಲ್ಲ. ಮೊದಲ ತುತ್ತು ಹೆದರಿ ಹೆದರಿ ತಿಂದ. ಎರಡನೆಯದನ್ನು ಹಸಿದ ಮಕ್ಕಳು ತಿನ್ನುವ ಹಾಗೆ ತಿಂದ. ಎಷ್ಟೋ ವಾರಗಳ ಮೇಲೆ ನನ್ನ ಮಗ ಹೊಟ್ಟೆ ತುಂಬ ತಿನ್ನುವುದನ್ನು ನಾನು ಕಂಡದ್ದು ಹಾಗೆ, ಪರರ ಕನ್ನಡಿಯಲ್ಲಿ, ಬೆನ್ನು ಮಾಡಿ ಕುಳಿತು. ಅಷ್ಟರಲ್ಲಿ ಮೇಜು ಒರೆಸುವವನು ಬಟ್ಟೆ ಹಿಡಿದು ಒಳಗೆ ಬಂದ. ಪಾವಿನ ಚೂರುಗಳು ಪ್ಲೇಟಿನ ಬಲಕ್ಕೆ ಸಾಲಾಗಿದ್ದವು. ನಾನು ಕೈ ಅಡ್ಡ ಹಿಡಿದು, ನನ್ನ ಹರಕು ಹಿಂದಿಯಲ್ಲಿ, “ರೆಹನೇ ದೋ ಭಾಯಿ, ಓ ಭಗವಾನ್ ಕಾ ಹೈ”, ಇರಲಿ ಬಿಡಪ್ಪ, ಅದು ದೇವರದು, ಎಂದೆ. ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ, ಪರದೆಯನ್ನು ಪೂರ್ತಿ ಎಳೆದ.

ಮನೆಗೆ ಬಂದು ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. ರಾತ್ರಿ ಕಿಟ್ಟುವಿನ ಮಣೆಯನ್ನು ಪಂಕ್ತಿಯಲ್ಲಿ ಹಾಕಿದವಳು ನಾನೇ. ನಮ್ಮ ಯಜಮಾನರು ತಮ್ಮ ಮಣೆಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡರು, ಎದ್ದು ಹೋಗಲಿಲ್ಲ. ಒಂದು ಗೇಣು ದೊಡ್ಡ ದೂರವಲ್ಲ, ಚಾಳಿನ ಖೋಲಿಯಲ್ಲಿ ಅದಕ್ಕಿಂತ ಹೆಚ್ಚು ಸರಿಯುವುದಕ್ಕೆ ಜಾಗವೂ ಇಲ್ಲ. ಶ್ರಾವಣ ಮುಗಿಯುವವರೆಗೆ ನಾನು ದಿನವೂ ಆ ಕನ್ನಡಿಗಳ ಮುಂದೆ ಕುಳಿತು ಬರುತ್ತೇನೆ. ಆಮೇಲಿನದನ್ನು ಡಾಕ್ಟರೂ ನಂಜುಂಡನೂ ಕೂಡಿ ಹೇಳಲಿ.

ಆದ್ದರಿಂದ ಮಾನ್ಯರಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ದಯವಿಟ್ಟು ಇನ್ನೊಮ್ಮೆ ಬನ್ನಿ, ಆದರೆ ಜ್ವರವನ್ನು ಬೇರೆಲ್ಲಾದರೂ ಇಳಿಸಿ ಒಬ್ಬರೇ ಬನ್ನಿ. ವಿಮಲಾಳನ್ನು ಕೂರಿಸಿಕೊಂಡು ತಾವು ನಿಜವಾಗಿಯೂ ಹೋಗಿದ್ದೀರೆಂದೂ, ಹುಳಿಯಲ್ಲಿ ಜಂತುಗಳಿಲ್ಲವೆಂದೂ ಅವಳಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿ. ಮೋಹಿನಿಗೆ ಅವಳ ಬಂಗುಡೆಯ ಆಸೆಯನ್ನು ಹಿಂದಿರುಗಿಸಿ. ಪಾಪ, ಶೀಲಾವತಿ ಒಬ್ಬಳೇ ತಿನ್ನಲಾರದೆ ಅಳುತ್ತಾಳೆ. ಕಿಟ್ಟುವಿನ ಮೈಯಿಂದ ಒಯ್ದದ್ದನ್ನು ತೂಕ ಮಾಡಿ ತಂದುಕೊಡಿ. ಇಷ್ಟು ಮಾಡಿದರೆ, ಐವತ್ತು ವರ್ಷ ದೇವರನ್ನು ನಂಬಿದ ನಾನು, ತಮ್ಮಲ್ಲೂ ಒಳ್ಳೆಯ ಗುಣವಿತ್ತೆಂದು ಗ್ಯಾಲರಿಯಲ್ಲಿ ನಿಂತು ಸಾಕ್ಷಿ ಹೇಳುತ್ತೇನೆ.

ಮುಂದಿನ ವರ್ಷ ಈ ಕಡೆ ಬರುವ ಯೋಚನೆಯಿದ್ದರೆ ದಾರಿಯಲ್ಲೇ ಮರೆತುಬಿಡಿ ಎಂದು ಕೋರುವ,

ತಮ್ಮ ವಿಶ್ವಾಸಿ, ಆದರೆ ವಿಶ್ವಾಸ ಅಷ್ಟಾಗಿ ಇಲ್ಲದ,
ಭಾಗೀರಥಮ್ಮ

ಮರೆತ ಮಾತು: ಈ ಕಾಗದ ಮಡಿಸುವಷ್ಟರಲ್ಲಿ ನಮ್ಮ ಯಜಮಾನರು ಬಂದು ಕೆಮ್ಮಿ, ತಾವು ಬಂದುಹೋದಾಗಿನಿಂದ ಅವರಿಗೂ ಮೊಣಕಾಲಿನಲ್ಲಿ ನಿಶ್ಶಕ್ತಿಯಿದೆಯೆಂದೂ, ಆ ಹೋಟೆಲಿನಲ್ಲಿ ಚಹಾ ಮಾತ್ರ ಕೊಡುತ್ತಾರೆಯೇ ಎಂದೂ ವಿಚಾರಿಸಿದರು. ಅವರ ನಿಶ್ಶಕ್ತಿಗೆ ನನ್ನಲ್ಲಿ ಮದ್ದಿದೆ, ತಾವು ಶ್ರಮ ತೆಗೆದುಕೊಳ್ಳಬೇಡಿ. ಪಂಚಗವ್ಯಕ್ಕೆ ಹೇಳಿ ಕಳಿಸಿದ್ದೇನೆ.